ಹೊಗೆಯ ಅನ್ನದಾನ

ನಿಂತ ಕಾರಿನಲ್ಲಿ ಕೂತು ನನಗೆ ಜ್ಞಾನೋದಯವಾಯಿತು. ಮರದ ಕೆಳಗೆ ಕೂತವರಿಗೆ ಆಗುತ್ತದೆಂದು ಕೇಳಿದ್ದೆ. ನನ್ನ ಯೋಗ್ಯತೆಗೆ ಹಿಂದಿನ ಸೀಟೇ ಸಾಕಾಯಿತು.

ಯಾರೋ ಬರಬೇಕಿತ್ತು, ಬಂದಿರಲಿಲ್ಲ. ಸ್ಟಿಯರಿಂಗ್ ಹಿಡಿದ ಹಿರಿಯ ಮಿತ್ರರು ಅರ್ಧ ಗಂಟೆಯಿಂದ ಎಂಜಿನ್ ಆರಿಸದೆ, ಗಾಜು ಏರಿಸಿ, ಎಸಿ ಹಾಕಿಕೊಂಡು ಕೂತಿದ್ದರು. ‘ಸುಮ್ಮನೆ ಹೊಗೆ ಯಾಕೆ ಸಾರ್, ಆಫ್ ಮಾಡಿಬಿಡಿ’ ಅಂದೆ. ಮಗ್ಗಿ ಒಪ್ಪಿಸಲಾಗದ ಹುಡುಗನನ್ನು ಮೇಷ್ಟ್ರು ನೋಡುವ ಹಾಗೆ ಕನ್ನಡಿಯಲ್ಲೇ ನನ್ನನ್ನು ನೋಡಿದರು. ‘ಹೊಗೆ ಅಂತೀರಲ್ರೀ, ಅದರೊಳಗೆ ಇರೋದೇನು? ಇಂಗಾಲದ ಡೈಆಕ್ಸೈಡ್. ಅದು ಗಿಡಗಳ ಊಟ. ನಾವು ಜಾಸ್ತಿ ಬಿಟ್ಟಷ್ಟೂ ಪೈರು ಜಾಸ್ತಿ ಬೆಳೆಯುತ್ತೆ. ಇದನ್ನ ಕಡಿಮೆ ಮಾಡಿ ಅನ್ನೋರು ಗಿಡಗಳ ಹೊಟ್ಟೆ ಮೇಲೆ ಹೊಡೀತಿದ್ದಾರೆ.’

ನನ್ನ ಎದೆಯ ಭಾರ ಇಳಿದುಹೋಯಿತು. ಇಷ್ಟು ವರ್ಷ ಮಾಲಿನ್ಯಕಾರನೆಂದು ತಲೆ ತಗ್ಗಿಸಿ ಓಡಾಡುತ್ತಿದ್ದವನು, ನೋಡಿದರೆ ಅನ್ನದಾತ! ಸುಮ್ಮನೆ ಉಸಿರು ಬಿಟ್ಟುಕೊಂಡಿದ್ದರೂ ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ದಾನ ಮಾಡುತ್ತೇನೆ. ಕಾರು ಹತ್ತಿದರೆ ಮಹಾದಾನಿ. ವಿಮಾನ ಹತ್ತಿದರೆ ಸಾಕ್ಷಾತ್ ಕರ್ಣ. (ಉಸಿರಿನ ಆ ಒಂದು ಕಿಲೋ ಗಿಡಗಳಿಂದಲೇ ತಿಂದು ಬಂದದ್ದು, ಅದನ್ನು ದಾನವೆಂದು ಬರೆಸಿಕೊಳ್ಳುವಂತಿಲ್ಲ ಎಂದು ತಕರಾರು ತೆಗೆಯುವವರು ಇದ್ದೇ ಇರುತ್ತಾರೆ. ದಾನಿಗಳು ಅಂಥವರ ಮಾತಿಗೆ ಕಿವಿಗೊಡಬಾರದು.)

ಈ ಮಿತ್ರರದು ಸ್ವಂತ ಸಂಶೋಧನೆಯಲ್ಲ. ಇದಕ್ಕೆ ದೊಡ್ಡ ಪರಂಪರೆಯಿದೆ. ಕಲ್ಲಿದ್ದಲು ಉರಿಸಿದರೆ ಭೂಮಿ ಎಷ್ಟು ಬಿಸಿಯಾದೀತೆಂದು 1896ರಲ್ಲೇ ಲೆಕ್ಕ ಹಾಕಿದ ಸ್ವೀಡನ್ನಿನ ಸ್ವಾಂಟೆ ಅರ್‍ಹೇನಿಯಸ್, ಮುಂದೆ ಹವೆ ಹಿತವಾಗುತ್ತದೆ, ಬೆಳೆ ಹುಲುಸಾಗುತ್ತದೆ ಎಂದು ಆಸೆಯಿಂದಲೇ ಬರೆದಿದ್ದ. ಅವನ ತಪ್ಪೇನಿಲ್ಲ. ಚಳಿಯಲ್ಲಿ ನಡುಗುವವನಿಗೆ ಬೆಂಕಿ ಬಿದ್ದ ಮನೆಯೂ ಮೊದಲ ಐದು ನಿಮಿಷ ಹಿತವೇ. 1992ರಲ್ಲಿ ಅಮೆರಿಕದ ವೆಸ್ಟರ್ನ್ ಫ್ಯುಯೆಲ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ, ಹೊಗೆಯಿಂದ ಭೂಮಿ ಹಸಿರಾಗುತ್ತದೆಂದು ಸಾರುವ ವಿಡಿಯೊಗೆ ದುಡ್ಡು ಹಾಕಿತು. ಅದರ ಕಸುಬು ವಿದ್ಯುತ್ ಸ್ಥಾವರಗಳಿಗೆ ಕಲ್ಲಿದ್ದಲು ಒದಗಿಸುವುದು. ಗಿಡಗಳ ಹಸಿವು ಯಾರ ಕರುಳನ್ನು ಮೊದಲು ಹಿಂಡುತ್ತದೆ ನೋಡಿ! 2006ರಲ್ಲಿ ಅದೇ ದೇಶದ ಕಾಂಪಿಟಿಟಿವ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟ್ ಟಿವಿಯಲ್ಲಿ ಜಾಹೀರಾತೇ ಕೊಟ್ಟಿತು: ಅವರು ಇದನ್ನು ಮಾಲಿನ್ಯ ಅನ್ನುತ್ತಾರೆ, ನಾವು ಜೀವ ಅನ್ನುತ್ತೇವೆ.

ಬಡಿಸುವವರ ಕೈಯೂ ಧಾರಾಳ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ದಶಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಈ ಅನಿಲವಿತ್ತು. ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳೆಯಲು ಶುರುಮಾಡಿದಾಗ 315ರ ಆಸುಪಾಸು. ಈಗ 420 ದಾಟಿದೆ. ಎಲೆಯ ಮುಂದೆ ಕೂತವರು ಸಾಕು ಅಂದರೂ ಬಿಡದೆ ಸುರಿಯುವ ಇಂಥ ಉಪಚಾರ ಬೇರೆಲ್ಲೂ ಸಿಗದು.

ಹಾಗಂತ ಮಿತ್ರರ ಮಾತು ಪೂರ್ತಿ ಬುರುಡೆಯೂ ಅಲ್ಲ, ತೊಂದರೆ ಇರುವುದೇ ಅಲ್ಲಿ. ಎಲೆಯೊಳಗೆ ಈ ಅನಿಲವನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಕಿಣ್ವವೊಂದಿದೆ, ಹೆಸರು ರುಬಿಸ್ಕೊ. ಭೂಮಿಯ ಮೇಲಿನ ಊಟವೆಲ್ಲ ಹೆಚ್ಚುಕಡಿಮೆ ಇದರ ಕೈದಾಟಿ ಬಂದದ್ದು, ಆದರೆ ಕೆಲಸದಲ್ಲಿ ಮಹಾ ಎಡವಟ್ಟು. ಇಂಗಾಲದ ಡೈಆಕ್ಸೈಡ್ ಹಿಡಿ ಅಂದರೆ ಆಗಾಗ ಆಮ್ಲಜನಕ ಹಿಡಿದುಕೊಂಡು ಬರುತ್ತದೆ. ತಂದ ತಪ್ಪು ಸರಕನ್ನು ವಾಪಸು ಕಳಿಸಲು ಗಿಡ ಇನ್ನಷ್ಟು ಶಕ್ತಿ ಖರ್ಚು ಮಾಡಬೇಕು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಈ ತಪ್ಪು ಕಡಿಮೆಯಾಗುತ್ತದೆ, ಭತ್ತ, ಗೋಧಿ, ಸೋಯಾದಂಥವು ನಿಜಕ್ಕೂ ಜೋರಾಗಿ ಬೆಳೆಯುತ್ತವೆ. ಮೆಕ್ಕೆಜೋಳ, ಕಬ್ಬು, ಜೋಳ, ಸಜ್ಜೆಗಳಿಗೆ ಇದರಿಂದ ಅಂಥ ಲಾಭವಿಲ್ಲ. ಎಲೆಯೊಳಗೇ ಈ ಅನಿಲವನ್ನು ಒಟ್ಟುಮಾಡಿ ರುಬಿಸ್ಕೊ ಬಾಯಿಗಿಡುವ ಏರ್ಪಾಟನ್ನು ಅವು ಯಾವತ್ತೋ ಮಾಡಿಕೊಂಡಿವೆ. ಬರಗಾಲದಲ್ಲಿ ನೀರು ಉಳಿಸಲು ಒಂದಿಷ್ಟು ಅನುಕೂಲವಾದೀತು, ಅಷ್ಟೆ.

‘ಗಾಜಿನ ಮನೆಯಲ್ಲಿ ತರಕಾರಿ ಬೆಳೆಯೋರು ದುಡ್ಡು ಕೊಟ್ಟು ಈ ಅನಿಲ ತರಿಸಿ ಬಿಡ್ತಾರೆ, ಗೊತ್ತಾ?’ ಎಂದು ಮಿತ್ರರು ಬ್ರಹ್ಮಾಸ್ತ್ರ ಬಿಟ್ಟರು. ಗೊತ್ತು. 1000 ಪಾಲಿನವರೆಗೂ ಬಿಡುತ್ತಾರೆ. ಜೊತೆಗೆ ಹೊತ್ತುಹೊತ್ತಿಗೆ ಅಳೆದು ನೀರು ಕೊಡುತ್ತಾರೆ, ತೂಗಿ ಗೊಬ್ಬರ ಕೊಡುತ್ತಾರೆ, ಬಿಸಿಲು ಹೆಚ್ಚಾದರೆ ಪರದೆ ಎಳೆಯುತ್ತಾರೆ, ಸೆಕೆಯಾದರೆ ಫ್ಯಾನು ತಿರುಗಿಸುತ್ತಾರೆ, ಹುಳ ಒಳಗೆ ಬಾರದಂತೆ ಬಾಗಿಲು ಹಾಕುತ್ತಾರೆ. ನಮ್ಮ ಮಿತ್ರರು ಭೂಮಿಯನ್ನು ಗಾಜಿನ ಮನೆ ಮಾಡುವ ಕೆಲಸದಲ್ಲಿ ಅನಿಲದ ಭಾಗ ಮುಗಿಸಿದ್ದಾರೆ. ಫ್ಯಾನು, ಪರದೆ, ನೀರಿನ ಟೆಂಡರು ಇನ್ನೂ ಕರೆದಿಲ್ಲ.

ಮುಚ್ಚಿದ ಪೆಟ್ಟಿಗೆಗಳಲ್ಲಿ ಬೆಳೆಸಿ ನೋಡಿದಾಗ ಇಳುವರಿ ಭರ್ಜರಿಯಾಗಿ ಏರಿತ್ತು. ಆಮೇಲೆ ವಿಜ್ಞಾನಿಗಳು ಬಯಲಲ್ಲೇ, ನಿಜವಾದ ಹೊಲದಲ್ಲಿ, ಪೈರಿನ ಸುತ್ತ ಉಂಗುರದಂತೆ ಕೊಳವೆ ಹೂಡಿ, 550 ಪಾಲಿನ ಆಸುಪಾಸಿಗೆ ಅನಿಲ ಊದಿ ನೋಡಿದರು. ಗಾಳಿ, ಹುಳ, ಮಳೆ ಎಲ್ಲ ಇದ್ದಲ್ಲಿ ಲಾಭ ಪೆಟ್ಟಿಗೆಯ ಲೆಕ್ಕದ ಅರ್ಧದಷ್ಟಕ್ಕೆ ಇಳಿದಿತ್ತೆಂದು 2006ರ ವಿಮರ್ಶೆಯೊಂದು ತೋರಿಸಿತು. ಅನಿಲ ಎಷ್ಟೇ ಇರಲಿ, ಮಣ್ಣಿನಲ್ಲಿ ಸಾರಜನಕ ತೀರಿದರೆ ಬೆಳವಣಿಗೆ ಅಲ್ಲಿಗೇ ನಿಂತಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಈ ಸಂಗತಿಯನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 19ನೇ ಶತಮಾನದಲ್ಲೇ ಹೇಳಿಯಾಗಿದೆ. ಅವನದು ಹಳೇ ಮಾತು ಬಿಡಿ, ಫಾರ್ವರ್ಡ್ ಆಗಿ ಯಾರಿಗೂ ಬಂದಿಲ್ಲ.

ಈಗ ಎಲೆಯನ್ನೊಮ್ಮೆ ತಿರುಗಿಸಿ ನೋಡಬೇಕು. ಬರಿಗಣ್ಣಿಗೆ ಏನೂ ಕಾಣದು. ಅಲ್ಲಿ ಸಾವಿರಾರು ಸಣ್ಣ ಕಿಟಕಿಗಳಿವೆ, ಪತ್ರರಂಧ್ರಗಳು. ಪ್ರತಿ ಕಿಟಕಿಗೂ ತುಟಿಯಂಥ ಎರಡು ಕೋಶ. ತೆರೆದರೆ ಊಟ ಒಳಗೆ ಬರುತ್ತದೆ, ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಮುಚ್ಚಿದರೆ ನೀರು ಉಳಿಯುತ್ತದೆ, ಊಟ ಇಲ್ಲ. ಗಿಡದ ಸಂಸಾರವೆಲ್ಲ ಈ ಕಿಟಕಿಯ ಹತ್ತಿರವೇ. ಹೊರಗೆ ಅನಿಲ ಹೆಚ್ಚಿದ್ದರೆ ಗಿಡ ಕಿಟಕಿಯನ್ನು ಅರೆಬರೆ ಮುಚ್ಚಿಕೊಂಡೇ ಬೇಕಾದಷ್ಟು ಪಡೆಯುತ್ತದೆ. ‘ನೋಡಿ, ನೀರೂ ಉಳಿತಾಯ!’ ಎಂದು ಮಿತ್ರರು ತೊಡೆ ತಟ್ಟುವುದು ಈ ಜಾಗದಲ್ಲಿ. ಆದರೆ ಆ ಆವಿಯೇ ಗಿಡದ ಬೆವರು. ಬೆವರದ ಎಲೆ ಬಿಸಿಯಾಗುತ್ತದೆ. ಅಂದರೆ ಊಟ ಬಡಿಸಿದವರೇ ಫ್ಯಾನು ಆರಿಸಿ ಹೋದ ಹಾಗೆ.

ಈ ಬಿಸಿ ಎಲ್ಲಿ ಕಚ್ಚುತ್ತದೆ ಎಂಬುದಕ್ಕೆ ಭತ್ತದ ಹೂವನ್ನು ನೋಡಬೇಕು. ಹೂವೆಂದು ಅದನ್ನು ಕರೆಯುವುದಕ್ಕೂ ಸಂಕೋಚವಾಗುವಷ್ಟು ಚಿಕ್ಕದು. ಹೊಡೆ ಒಡೆದು ತೆನೆ ಹೊರಬಂದ ಮೇಲೆ ಒಂದು ಬೆಳಗ್ಗೆ, ಬಿಸಿಲು ಏರುವ ಹೊತ್ತಿಗೆ, ಎರಡು ಹಸಿರು ಹೊಟ್ಟಿನ ಸಿಪ್ಪೆ ಬಾಯಿ ಬಿಡುತ್ತವೆ. ಒಳಗಿನಿಂದ ಆರು ನೂಲಿನಂಥ ಕೇಸರಗಳು ಜೋತುಬೀಳುತ್ತವೆ. ಪರಾಗ ಉದುರುತ್ತದೆ. ಹೆಚ್ಚುಕಡಿಮೆ ಒಂದು ಗಂಟೆ, ಅಷ್ಟೆ. ಮತ್ತೆ ಬಾಯಿ ಮುಚ್ಚಿಕೊಂಡರೆ ಜನ್ಮದಲ್ಲಿ ತೆರೆಯುವುದಿಲ್ಲ. ಆ ಒಂದು ಗಂಟೆಯಲ್ಲಿ ಉಷ್ಣಾಂಶ 35 ಡಿಗ್ರಿ ದಾಟಿತೋ, ಪರಾಗಕೋಶ ಸರಿಯಾಗಿ ಒಡೆಯದು, ಬಿದ್ದ ಪರಾಗ ಮೊಳೆಯದು. ಸಿಪ್ಪೆ ಏನೂ ಆಗದವರಂತೆ ಮುಚ್ಚಿಕೊಳ್ಳುತ್ತದೆ. ತೆನೆ ಹಸಿರಾಗಿಯೇ ಇರುತ್ತದೆ, ತೆಂಡೆಗಳೂ ಹುಲುಸಾಗಿಯೇ ಇರುತ್ತವೆ. ಬಗ್ಗಬೇಕಾದ ಹೊತ್ತಿನಲ್ಲಿ ಮಾತ್ರ ತೆನೆ ಬಗ್ಗುವುದಿಲ್ಲ. ಹಿಸುಕಿ ನೋಡಿದರೆ ಜೊಳ್ಳು. ವರ್ಷವಿಡೀ ಬಡಿಸಿದ ಊಟ ಒಂದು ಗಂಟೆಯ ಸೆಕೆಗೆ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ರಾತ್ರಿಯಾದರೂ ನೆಮ್ಮದಿಯೇ ಅಂದರೆ ಅದೂ ಇಲ್ಲ. ಗಿಡ ಹಗಲಲ್ಲಿ ಗಳಿಸಿ ರಾತ್ರಿ ಉಸಿರಾಡಿ ಖರ್ಚು ಮಾಡುವ ಜೀವ. ರಾತ್ರಿ ಬಿಸಿಯಾದಷ್ಟೂ ಖರ್ಚು ಜಾಸ್ತಿ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳ ಲೆಕ್ಕ ನೋಡಿ 2004ರಲ್ಲಿ ಪ್ರಕಟಿಸಿದ ವರದಿ, ಬೇಸಾಯದ ಒಣ ಹಂಗಾಮಿನಲ್ಲಿ ರಾತ್ರಿಯ ಕನಿಷ್ಠ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಇಳುವರಿ ಶೇ 10ರಷ್ಟು ಇಳಿಯಿತು ಎಂದಿತು. 2017ರಲ್ಲಿ ಇಡೀ ಜಗತ್ತಿನ ಲೆಕ್ಕ ಬಂತು: ಸರಾಸರಿ ಉಷ್ಣಾಂಶದ ಪ್ರತಿ ಡಿಗ್ರಿ ಏರಿಕೆಗೆ ಮೆಕ್ಕೆಜೋಳ ಶೇ 7.4, ಗೋಧಿ ಶೇ 6, ಭತ್ತ ಶೇ 3.2, ಸೋಯಾ ಶೇ 3.1ರಷ್ಟು ಕಡಿಮೆ. ಅನಿಲದ ಲಾಭವನ್ನೂ ರೈತ ಮಾಡಿಕೊಳ್ಳುವ ಹೊಂದಾಣಿಕೆಯನ್ನೂ ಇದರಲ್ಲಿ ಸೇರಿಸಿಲ್ಲ, ನಿಜ. ಸೇರಿಸಿಕೊಂಡು ಕೂಡಿ ಕಳೆಯುವ ಕೆಲಸವನ್ನು ಮಿತ್ರರಿಗೇ ಬಿಡುತ್ತೇನೆ. ಅವರಿಗೆ ಕೂಡುವುದು ಚೆನ್ನಾಗಿ ಬರುತ್ತದೆ.

ಇಷ್ಟೆಲ್ಲ ದಾಟಿಯೂ ಕಾಳು ಗಟ್ಟಿಯಾಯಿತು ಅಂತಲೇ ಇಟ್ಟುಕೊಳ್ಳೋಣ. ಒಳಗೇನಿದೆ? ಗಿಡ ಗಾಳಿಯಿಂದ ಇಂಗಾಲ ಎಳೆದು ಪಿಷ್ಟ ತುಂಬಿಕೊಂಡ ವೇಗಕ್ಕೆ ಬೇರು ಮಣ್ಣಿನಿಂದ ಸತುವನ್ನೂ ಕಬ್ಬಿಣವನ್ನೂ ತರಲಾಗದು. 2014ರಲ್ಲಿ ಪ್ರಕಟವಾದ ಬಯಲು ಪ್ರಯೋಗಗಳ ಫಲಿತಾಂಶದಲ್ಲಿ, ಈ ಶತಮಾನದ ಮಧ್ಯದ ಹೊತ್ತಿಗೆ ನಿರೀಕ್ಷಿಸುವ ಗಾಳಿಯಲ್ಲಿ ಬೆಳೆದ ಗೋಧಿಯಲ್ಲಿ ಸತು ಶೇ 9.3, ಕಬ್ಬಿಣ ಶೇ 5.1, ಪ್ರೋಟೀನ್ ಶೇ 6.3ರಷ್ಟು ಕಡಿಮೆ. ಚೀನಾ ಮತ್ತು ಜಪಾನಿನ ಹೊಲಗಳಲ್ಲಿ ಹೀಗೇ ಅನಿಲ ಊದಿ ಬೆಳೆದ 18 ತಳಿಯ ಭತ್ತವನ್ನು ಪರೀಕ್ಷಿಸಿದ ಫಲಿತಾಂಶ 2018ರಲ್ಲಿ ಬಂತು. ಪ್ರೋಟೀನ್ ಸರಾಸರಿ ಶೇ 10ರಷ್ಟು, ಜೀವಸತ್ವ ಅಳೆದ ಒಂಬತ್ತು ತಳಿಗಳಲ್ಲಿ ಬಿ1 ಶೇ 17ರಷ್ಟು, ಬಿ9 ಶೇ 30ರಷ್ಟು ಕಡಿಮೆಯಾಗಿತ್ತು. ಮಜ್ಜಿಗೆಗೆ ನೀರು ಬೆರೆಸಿದರೆ ಪಾತ್ರೆ ತುಂಬುವುದು ಹೀಗೇ. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಇರುವವರು ಕಂಡುಹಿಡಿಯಬೇಕಾದ ಉಪಾಯವನ್ನು ಗಾಳಿಯೇ ಮಾಡಿಕೊಟ್ಟಿದೆ.

ಇದನ್ನು ಹೇಳಿದರೆ ಮಿತ್ರರ ಬಳಿ ಉತ್ತರ ರೆಡಿ. ‘ಎರಡು ತುತ್ತು ಜಾಸ್ತಿ ತಿಂದ್ರೆ ಆಯ್ತಪ್ಪ.’ ಎರಡು ತುತ್ತು ಜಾಸ್ತಿ ತಿನ್ನಲು ಇದ್ದವನಿಗೆ ಸತುವಿನ ಕೊರತೆ ಯಾಕೆ ಬರುತ್ತಿತ್ತು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಉಪಗ್ರಹದ ಚಿತ್ರ ತೋರಿಸುತ್ತಿದ್ದರು. ತೋರಿಸಿಯೇಬಿಟ್ಟರು. ಭೂಮಿ ಮೊದಲಿಗಿಂತ ಹಸಿರಾಗಿದೆ, ಮೇಲಿನಿಂದ ಕಾಣುತ್ತದೆ. ಅದೂ ಸುಳ್ಳಲ್ಲ, ಎಲೆ ಹೆಚ್ಚಾಗಿದೆ. ಆದರೆ ಉಪಗ್ರಹ ಎಲೆ ನೋಡುತ್ತದೆ, ಕಾಳು ಹಿಸುಕಿ ನೋಡುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಇದ್ದರೆ ಅಷ್ಟು ಎತ್ತರಕ್ಕೆ ಹೂವೇ ಮೊದಲು ಕಾಣುವುದು.

ಇನ್ನು ಸಾಮೂಹಿಕ ಊಟವೆಂದ ಮೇಲೆ ಕರೆಯದವರೂ ಬರುತ್ತಾರಲ್ಲ. ಅಮೆರಿಕದ ಇಲಿನಾಯ್‌ನಲ್ಲಿ ಅನಿಲ ಊದಿ ಬೆಳೆಸಿದ ಸೋಯಾ ಎಲೆಗಳನ್ನು ಕೀಟಗಳು ಪಕ್ಕದ ಮಾಮೂಲಿ ಸೋಯಾಕ್ಕಿಂತ ಶೇ 57ರಷ್ಟು ಹೆಚ್ಚು ತಿಂದವು. ಎಲೆಯಲ್ಲಿ ಸಕ್ಕರೆ ಹೆಚ್ಚಿತ್ತು, ಕೀಟವನ್ನು ದೂರ ಇಡುವ ಗಿಡದ ಸ್ವಂತ ಔಷಧ ಕಡಿಮೆಯಾಗಿತ್ತು. ಕಳೆಗಳೂ ಗಿಡಗಳೇ ತಾನೆ, ಅವೂ ಪಂಕ್ತಿಯಲ್ಲಿ ಕೂತವು. ಡ್ಯೂಕ್ ವಿಶ್ವವಿದ್ಯಾಲಯದ ಕಾಡಿನ ಪ್ರಯೋಗದಲ್ಲಿ, ಮುಟ್ಟಿದರೆ ಮೈಯೆಲ್ಲ ತುರಿಸುವ ಪಾಯ್ಸನ್ ಐವಿ ಬಳ್ಳಿ ಸೊಗಸಾಗಿ ಬೆಳೆದದ್ದಲ್ಲದೆ ತುರಿಕೆಯ ವಿಷವನ್ನು ಇನ್ನಷ್ಟು ಖಾರ ಮಾಡಿಕೊಂಡಿತು. ಉಂಡ ಮನೆಯ ಉಪಕಾರ ಅದೊಂದೇ ನೆನೆದಂತಿದೆ.

ಇದಿಷ್ಟನ್ನೂ ನಾನು ಹಿಂದಿನ ಸೀಟಿನಿಂದ ಕಂತುಕಂತಾಗಿ ಹೇಳಿದೆ. ಮಿತ್ರರಿಗೆ ನಡುವೆ ಆಕಳಿಕೆ ಬಂತು. ಆಮೇಲೆ ಹಣೆ ಒತ್ತಿಕೊಂಡರು. ‘ಯಾಕೋ ತಲೆ ಹಿಡಿದ ಹಾಗಿದೆ ಕಣ್ರೀ, ಒಳಗೆ ಗಾಳಿನೇ ಇಲ್ಲ’ ಎಂದು ಗಾಜನ್ನು ನಾಲ್ಕು ಬೆರಳು ಇಳಿಸಿದರು. ಹೊರಗಿನ ಝಳ ಮುಖಕ್ಕೆ ರಾಚಿತು. ‘ಅಬ್ಬಾ, ಏನು ಬಿಸಿಲು’ ಎಂದು ಏರಿಸಿದರು. ಎರಡು ನಿಮಿಷಕ್ಕೆ ಮತ್ತೆ ಇಳಿಸಿದರು. ಮತ್ತೆ ಏರಿಸಿದರು. ಮೂರನೇ ಸಲ ಇಳಿಸಿದಾಗ ಅವರ ಕಣ್ಣು ಪಕ್ಕದ ಕನ್ನಡಿಗೆ ಬಿತ್ತು. ಸೈಲೆನ್ಸರಿನ ಬಾಯಿಗೆ ಸರಿಯಾಗಿ ಮೊಳಕಾಲೆತ್ತರದ ಗಿಡವೊಂದು ತಲೆ ಜೋತುಬಿಟ್ಟುಕೊಂಡು ನಿಂತಿತ್ತು. ಎಲೆಗಳು ಅಂಚಿನಿಂದ ಒಳಕ್ಕೆ ಸುರುಟಿಕೊಂಡಿದ್ದವು.

‘ಪಾಪ, ನೋಡ್ರೀ ಅದನ್ನ, ಹೇಗೆ ಬಾಡಿಹೋಗಿದೆ’ ಅಂದರು. ‘ಯಾರೂ ನೋಡ್ಕೊಳಲ್ವಾ ಇಂಥವನ್ನ?’

‘ಊಟ ಆಗ್ತಾ ಇದೆಯಲ್ಲ ಸಾರ್ ಅದಕ್ಕೆ, ಅರ್ಧ ಗಂಟೆಯಿಂದ.’

ಅವರು ಗಾಜು ಏರಿಸಿದರು.