250 ಗ್ರಾಂ ಡ್ರೋನ್‌ಗೆ ಕಾನೂನೇ ಇಲ್ಲವೇ? ಸತ್ಯಾಂಶ

ತುಮಕೂರಿನ ವಾಟ್ಸ್ಆ್ಯಪ್ ಗುಂಪಿಗೆ ಬಂದ ಫಾರ್ವರ್ಡ್: "250 ಗ್ರಾಂ ಒಳಗಿನ ಡ್ರೋನ್ ಬರೀ ಆಟಿಕೆ, ಎಲ್ಲಿ ಬೇಕಾದರೂ ಹಾರಿಸಿ."

ಅರ್ಧ ನಿಜ. 2021ರ ಡ್ರೋನ್ ನಿಯಮಗಳಲ್ಲಿ ಇದು 'ನ್ಯಾನೋ', ಅಂದರೆ ಅತಿ ಚಿಕ್ಕ ವರ್ಗ. ಪೈಲಟ್ ಪರವಾನಗಿ ಬೇಡ. ಆದರೆ ಹಾರಾಟಕ್ಕೆ ನಿರ್ಬಂಧವಿರುವ ಕೆಂಪು, ಹಳದಿ ವಲಯಗಳಲ್ಲಿ ತೂಕ ಎಷ್ಟೇ ಇರಲಿ, ಮೊದಲೇ ಅನುಮತಿ ಬೇಕು. ಹಾರಿಸುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದಲ್ಲಿ ವಲಯಗಳ ನಕ್ಷೆ ನೋಡಿ.

ಡ್ರೋನ್ ಕ್ಯಾಮೆರಾದ ದೃಶ್ಯ ತೋರಿಸುವ ಕನ್ನಡಕ ಹಾಕಿ ಹಾರಿಸುವ ಪುಟ್ಟ ಎಫ್‌ಪಿವಿ ಡ್ರೋನ್ ಕಲಿಯಲು ಮನೆಯ ಹಾಲ್ ಸಾಕು. ರೆಕ್ಕೆ ಸುತ್ತ ಕವಚವಿರುವ, ಬ್ಯಾಟರಿ ಸೇರಿ ಸುಮಾರು 30 ಗ್ರಾಂನದನ್ನು ಆರಿಸಿ. ಗೋಡೆಗೆ ಬಡಿದರೂ ಸಾಮಾನ್ಯವಾಗಿ ಉಳಿಯುತ್ತದೆ (ಗಡಿಯಾರದ ಗಾಜಿಗೆ ಗ್ಯಾರಂಟಿ ಕೊಡಲಾರೆ). ದೇವರಾಯನದುರ್ಗ ಬೆಟ್ಟದ ಗಾಳಿಗೆ ಮಾತ್ರ ಅದು ತರಗೆಲೆ. ಹೊರಗೆ ಗಾಳಿ ನಿಂತ ಬೆಳಗ್ಗೆಯೇ ಸರಿ. ಆ ಕನ್ನಡಕ ಹಾಕಿದವರಿಗೆ ಸುತ್ತಲಿನದು ಕಾಣದು, ಪಕ್ಕದಲ್ಲಿ ಡ್ರೋನ್ ಮೇಲೆ ಕಣ್ಣಿಟ್ಟ ಇನ್ನೊಬ್ಬರಿರಲಿ.