ರಾಜನ ಕೋಟೆಯೊಳಗೆ ಚರ್ಚ್ ಯಾಕಿದೆ?

ಹೋದ ವಾರ ಬೆಂಗಳೂರಿನಿಂದ ಅಣ್ಣನ ಮಗಳು ಬಂದಿದ್ದಳು. ಆರನೇ ಕ್ಲಾಸು. ಮಡಿಕೇರಿಯ ರಾಜಾಸೀಟಿಗೆ ಕರ್ಕೊಂಡು ಹೋದರೆ ಬರೀ ಮಂಜು, ಎದುರಿಗೆ ಒಂದು ಗುಡ್ಡವೂ ಕಾಣಲಿಲ್ಲ. ಮಳೆ ಬೇರೆ ಜೋರಾಯಿತು. ಕೊಡೆ ಹಿಡಿದು ಕೋಟೆ ಕಡೆ ನಡೆದೆವು. ಮ್ಯೂಸಿಯಂ ಬಾಗಿಲಿಗೆ ಬಂದಾಗ ಅವಳು ತಲೆ ಎತ್ತಿ ನೋಡಿ ನಿಂತುಬಿಟ್ಟಳು. "ಮಾವಿ, ಇದು ಚರ್ಚ್ ಅಲ್ವಾ? ರಾಜನ ಕೋಟೆಯೊಳಗೆ ಚರ್ಚ್ ಯಾಕಿದೆ?"

ಎಷ್ಟು ಒಳ್ಳೆಯ ಪ್ರಶ್ನೆ! ಮಡಿಕೇರಿಯಲ್ಲೇ ಇರುವ ನಾವು ಎಷ್ಟು ಜನ ಈ ಪ್ರಶ್ನೆ ಕೇಳಿದ್ದೇವೆ?

ಅಲ್ಲೇ ಮೆಟ್ಟಿಲ ಹತ್ತಿರ ನಿಂತು ಹೇಳಿದೆ. ಈ ಜಾಗದಲ್ಲಿ ಮೊದಲು ಮಣ್ಣಿನ ಕೋಟೆ ಕಟ್ಟಿಸಿದ್ದು ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ. ಆಮೇಲೆ ಟಿಪ್ಪು ಸುಲ್ತಾನ್ ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ದೊಡ್ಡವೀರರಾಜೇಂದ್ರ ಕೋಟೆಯನ್ನು ಮತ್ತೆ ಗೆದ್ದ. ಈಗ ಕಾಣುವ ಅರಮನೆ ಲಿಂಗರಾಜೇಂದ್ರನ ಕಾಲದ್ದು, 1812ರಿಂದ 1814ರೊಳಗೆ ಎದ್ದದ್ದು. 1834ರಲ್ಲಿ ಬ್ರಿಟಿಷರು ಅವನ ಮಗ ಚಿಕ್ಕವೀರರಾಜನನ್ನು ಇಳಿಸಿ ಕಾಶಿಗೆ ಕಳಿಸಿದರು. 1850ರ ದಶಕದಲ್ಲಿ ಇಲ್ಲಿದ್ದ ವೀರಭದ್ರನ ಗುಡಿ ತೆಗೆಸಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಚರ್ಚ್ ಮುಚ್ಚಿತು. 1971ರಲ್ಲಿ ರಾಜ್ಯ ಪುರಾತತ್ವ ಇಲಾಖೆಯ ಕೈಗೆ ಬಂತು.

ಇನ್ನೊಂದು ವಿಷಯ ನನ್ನನ್ನು ಯಾವಾಗಲೂ ಕಾಡುತ್ತದೆ. ಚಿಕ್ಕವೀರರಾಜ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. 1852ರಲ್ಲಿ ಆ ಹುಡುಗಿಗೆ ಅಲ್ಲಿ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಗೌರಮ್ಮ ಹುಟ್ಟಿದ್ದು ಕಾಶಿಯಲ್ಲಿ. ಅವಳಿಗೆ ಅಲ್ಲಿ ದೀಕ್ಷೆಯಾದ ಕೆಲವೇ ವರ್ಷಗಳಲ್ಲಿ ಇಲ್ಲಿ ಅವಳ ತಾತನ ಕೋಟೆಯೊಳಗೆ ಚರ್ಚ್ ಎದ್ದಿತು. ಒಂದೇ ಮನೆತನದ ಕಥೆ, ಎರಡು ದೇಶದಲ್ಲಿ.

ಅದಕ್ಕೇ ನನ್ನ ಮಾತು ಇಷ್ಟೇ. ಇಲ್ಲಿ ಇಟ್ಟಿರುವ ವಸ್ತುಗಳಲ್ಲೆಲ್ಲ ದೊಡ್ಡದು ಈ ಕಟ್ಟಡವೇ. ಇದರ ಕಥೆಯನ್ನು ಪೂರ್ತಿ ಹೇಳಬೇಕು, ನಮಗೆ ಬೇಕಾದಷ್ಟು ಮಾತ್ರ ಆರಿಸಿಕೊಂಡು ಹೇಳಬಾರದು. ಕೆಲವರು "ಚರ್ಚ್ ಗುರುತು ಇನ್ನೂ ಯಾಕೆ?" ಅನ್ನುತ್ತಾರೆ. ಇನ್ನು ಕೆಲವರಿಗೆ ಗುಡಿ ತೆಗೆಸಿದ ಮಾತೆತ್ತಿದರೇ ಇರಿಸುಮುರಿಸು. ನನಗೆ ಎರಡೂ ಒಪ್ಪಿಗೆಯಿಲ್ಲ. ಗುಡಿ ಇದ್ದದ್ದೂ ನಿಜ, ಅದನ್ನು ತೆಗೆಸಿದ್ದೂ ನಿಜ. ನೂರು ವರ್ಷದ ಹತ್ತಿರ ಜನ ಇಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡಿದ್ದೂ ನಿಜ. ಯಾವುದನ್ನು ಕೆರೆದು ಹಾಕಿದರೂ ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಒಳಗೆ ಹೋದ ಮೇಲೆ ಅವಳಿಗೆ ವೀರಗಲ್ಲು ಓದಲು ಕಲಿಸಿದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಹೋರಾಟ. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಅಪ್ಸರೆಯರು ತೋಳು ಹಿಡಿದು ಕರೆದೊಯ್ಯುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ದೇವರ ಮುಂದೆ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡು ಇರುವವರೆಗೂ ಇವನ ಹೆಸರು ಇರಲಿ ಅಂತ. ಅವಳು ಬೆರಳು ಗಾಳಿಯಲ್ಲೇ ಆಡಿಸುತ್ತಾ, ಮುಟ್ಟದೆ, ಕಾಮಿಕ್ಸ್ ಓದುವ ಹಾಗೆ ಓದಿದಳು. "ಇವನು ಯಾವ ಊರಿನವನು ಮಾವಿ?" ಅಂದಳು. ನೋಡಿ, ಮಕ್ಕಳಿಗೆ ಮೊದಲು ಬೇಕಾಗುವುದು ಊರು.

ಸನ್ನಿಸೈಡ್‌ಗೂ ಹೋದೆವು. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ಅದು, 2021ರಲ್ಲಿ ಮ್ಯೂಸಿಯಂ ಆಯಿತು. ಅದಕ್ಕೂ ಮೊದಲು ಅಲ್ಲಿ ಇದ್ದದ್ದು ಆರ್‌ಟಿಓ ಆಫೀಸು. ನನ್ನ ಅಪ್ಪ ಲೈಸೆನ್ಸ್ ಮಾಡಿಸಿದ್ದು ಅಲ್ಲೇ. 1948ರಲ್ಲಿ ಕಾಶ್ಮೀರದ ಯುದ್ಧದಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಮನುಷ್ಯ ಆಡಿ ಬೆಳೆದ ಮನೆಯಲ್ಲಿ ಜನ ಸುಮ್ನೆ ಅರ್ಜಿ ಹಿಡಿದು ಸಾಲು ನಿಲ್ಲುತ್ತಿದ್ದರು. ಈಗ ಅದೇ ಮನೆಯಲ್ಲಿ ಮಕ್ಕಳು ಅವರ ಕಥೆ ಓದುತ್ತಾರೆ. ಹಳೆ ಕಟ್ಟಡವೊಂದು ಉಳಿದರೆ ಸಾಕು, ಯಾವತ್ತಾದರೂ ಅದರ ದಿನ ಬರುತ್ತದೆ ಅನ್ನೋ ನಂಬಿಕೆ ನನಗೆ ಬಂದದ್ದು ಆ ಮನೆಯಿಂದ.

ಹಾಗಾಗಿ ನಮ್ಮೂರಿನ ಟೀಚರ್‌ಗಳಲ್ಲಿ ಒಂದು ಕೇಳಿಕೆ. ಮೈಸೂರಿಗೆ ಟ್ರಿಪ್ ಹೋಗಲಿ, ಬೇಡ ಅನ್ನಲ್ಲ. ಆದರೆ ವರ್ಷಕ್ಕೊಂದು ದಿನ ಮಕ್ಕಳನ್ನು ಕೋಟೆಗೂ ಕರೆತನ್ನಿ. ಒಳಗೆ ಹೋಗುವ ಮೊದಲು ಹತ್ತು ನಿಮಿಷ ಹೊರಗೆ ನಿಲ್ಲಿಸಿ ಗೋಡೆ ತೋರಿಸಿ.

ಮನೆಗೆ ಬಂದ ಮೇಲೆ ಅವಳು ಗೋಡೆಯಲ್ಲಿದ್ದ ನಮ್ಮ ಒಡಿಕತ್ತಿಯ ಕೆಳಗೆ ನಿಂತಳು. ವರ್ಷಾ ವರ್ಷ ಕೈಲ್‌ಪೊಳ್ದ್, ಅಂದರೆ ಕೊಡವರ ಆಯುಧ ಪೂಜೆ ಹಬ್ಬದ ದಿನ, ಕೋವಿಯ ಜೊತೆ ಇಟ್ಟು, ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಪೂಜೆ ಮಾಡುವ ಕತ್ತಿ. "ಇದು ಯಾರದ್ದು?" ಅಂದಳು. ನನಗೆ ಗೊತ್ತಿದ್ದದ್ದು ಮೂರು ತಲೆಮಾರಿನ ಮಾತು ಮಾತ್ರ. ಅಪ್ಪನನ್ನು ಕರೆದೆ. ಅವರು ಹೇಳುತ್ತಾ ಹೋದರು, ಅವಳು ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದುಕೊಂಡಳು. ಮೊದಲ ಸಾಲಿನಲ್ಲಿ ಊರಿನ ಹೆಸರು.