ಎಂಟೂ ನಾಲ್ಕೂ ನಾನೂ

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಆ ಶುಕ್ರವಾರದ ಕಥೆ ಹೇಳುತ್ತೇನೆ. ಕೋಡು ತನ್ನ ಪಾಡಿಗೆ ಓಡುತ್ತಿತ್ತು. ಆದರೆ ಸಾಲುಗಳ ಎಡಕ್ಕೆ ಬಿಡುವ ಜಾಗ ಒಂದೊಂದು ಫೈಲಿನಲ್ಲಿ ಒಂದೊಂದು ಥರ. ಒಂದು ಫೈಲು ಎರಡು ಸ್ಪೇಸಿನದು, ಪಕ್ಕದ್ದು ಟ್ಯಾಬಿನದು, ಮೂರನೆಯದು ಅರ್ಧದಲ್ಲಿ ಮನಸ್ಸು ಬದಲಾಯಿಸಿದ್ದು. ಗೋಡೆಯ ಮೇಲೆ ಫೋಟೋ ಸೊಟ್ಟಗಿದ್ದರೆ ಕೈ ಸುಮ್ಮನಿರುತ್ತದೆಯೇ?

ಸಿ ಭಾಷೆಯ ಕೋಡನ್ನು ನೇರ ಮಾಡುವ ಗ್ನೂ ಇಂಡೆಂಟ್ ಅನ್ನುವ ಪ್ರೋಗ್ರಾಮ್ ಹಿಡಿದುಕೊಂಡು ಕೂತೆ. ಅದಕ್ಕೆ ‘ಮೈನಸ್ ಕೆ ಆರ್’ ಅಂತ ಆಜ್ಞೆ ಕೊಟ್ಟರೆ ಹಂತಕ್ಕೆ ನಾಲ್ಕು ಮನೆ, ಅಂದರೆ ನಾಲ್ಕು ಅಕ್ಷರದ ಜಾಗ, ಒಳಕ್ಕೆ. ಕೊಟ್ಟೆ. ಎಡಿಟರ್ ತೆರೆದರೆ ಫಾರ್ ಲೂಪೂ ಅದರ ಹೊಟ್ಟೆಯೊಳಗಿರಬೇಕಾದ ಸಾಲೂ ಒಂದೇ ನೇರಕ್ಕೆ ನಿಂತಿವೆ, ಒಂದಕ್ಕೊಂದು ಸಂಬಂಧವೇ ಇಲ್ಲದವರ ಹಾಗೆ. ಇದಕ್ಕೆ ತಲೆ ಕೆಟ್ಟಿದೆ ಅಂದುಕೊಂಡು ನಾಲ್ಕರ ಬದಲು 3 ಕೊಟ್ಟೆ, 5 ಕೊಟ್ಟೆ, ಇನ್ನೂ ವಿಕಾರವಾಯಿತು. ಹಟಕ್ಕೆ ಬಿದ್ದು 8 ಕೊಟ್ಟೆ. ಆಹಾ, ನಾಲ್ಕು ನಾಲ್ಕೇ ಮನೆ, ಮುತ್ತು ಪೋಣಿಸಿದ ಹಾಗೆ! ಎಂಟು ಕೇಳಿದರೆ ನಾಲ್ಕು ಕೊಡುವುದು ಯಾವ ಲೆಕ್ಕ ಅಂತ ಆಗಲೇ ಯೋಚಿಸಬೇಕಿತ್ತು. ಅದೇ ಫೈಲನ್ನು ಟರ್ಮಿನಲ್ಲಿನಲ್ಲಿ ತೆರೆದಾಗ ಸಾಲುಗಳೆಲ್ಲ ಬಲಗಡೆಯ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದವು.

ಆಮೇಲೆ ಗೊತ್ತಾಯಿತು. ಇಂಡೆಂಟ್ ಲೆಕ್ಕದಲ್ಲಿ ಒಂದು ಟ್ಯಾಬ್ ಅಂದರೆ 8 ಮನೆ. ಎಂಟು ಸ್ಪೇಸ್ ಕೂಡಿದ ಕಡೆಯೆಲ್ಲ ಒಂದು ಟ್ಯಾಬ್ ಇಟ್ಟು ಕೈತೊಳೆದುಕೊಳ್ಳುತ್ತದೆ. ಟರ್ಮಿನಲ್ಲಿಗೂ ಅಷ್ಟೇ. ನನ್ನ ಎಡಿಟರಿಗೆ ಮಾತ್ರ ಟ್ಯಾಬ್ ಅಂದರೆ 4. ಮೊದಲ ಹಂತದ ನಾಲ್ಕು ಸ್ಪೇಸೂ ಎರಡನೆಯ ಹಂತದ ಒಂದು ಟ್ಯಾಬೂ ಅದರ ಕಣ್ಣಿಗೆ ಸಮಸಮ. (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಬರೆಯುವವರದ್ದು 8ರ ವ್ರತ. ಮೂರು ಹಂತಕ್ಕಿಂತ ಆಳಕ್ಕೆ ಹೋದರೆ ಮೊದಲು ಪ್ರೋಗ್ರಾಮನ್ನು ತಿದ್ದಿಕೋ ಅನ್ನುತ್ತಾರೆ. ನಮ್ಮದು ಆರನೆಯ ಹಂತದಲ್ಲಿ ಈಜುತ್ತಿತ್ತು.)

ಟ್ಯಾಬೇ ಬೇಡ ಅನ್ನುವ ‘ಮೈನಸ್ ಎನ್ ಯು ಟಿ’ ಹಾಕಿದ್ದೇ ಸಮಸ್ಯೆ ಮುಗಿಯಿತು. ಅಲ್ಲಿಗೇ ಎದ್ದು ಹೋಗಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಟ್ಯಾಬಿನ ಮೇಲೆ ಸಿಟ್ಟು ಏರಿ, ಇಡೀ ಫೋಲ್ಡರಿನ ಟ್ಯಾಬುಗಳನ್ನೆಲ್ಲ ಒಂದೇ ಏಟಿಗೆ ಸ್ಪೇಸ್ ಮಾಡಿಬಿಟ್ಟೆ, ಕೋಡನ್ನು ಪ್ರೋಗ್ರಾಮಾಗಿ ಕಟ್ಟುವ ಆಜ್ಞೆಗಳಿರುವ ಮೇಕ್‌ಫೈಲನ್ನೂ ಬಿಡದೆ. ‘ಮಿಸ್ಸಿಂಗ್ ಸೆಪರೇಟರ್’ ಅಂತ ಬಿಲ್ಡ್ ಮಕಾಡೆ ಮಲಗಿತು. ಅಲ್ಲಿ ಆಜ್ಞೆಯ ಸಾಲು ಟ್ಯಾಬಿನಿಂದಲೇ ಶುರುವಾಗಬೇಕು. ಆ ಫೈಲನ್ನು ಓದುವ ಮೇಕ್ ಪ್ರೋಗ್ರಾಮನ್ನು 1976ರಲ್ಲಿ ಬರೆದ ಸ್ಟುವರ್ಟ್ ಫೆಲ್ಡ್‌ಮನ್‌ಗೆ ಕೆಲವೇ ವಾರಗಳಲ್ಲಿ ಇದು ಎಡವಟ್ಟು ಅನ್ನಿಸಿತ್ತಂತೆ; ಆದರೆ ಅಷ್ಟರಲ್ಲಿ ಹತ್ತು-ಹನ್ನೆರಡು ಜನ ಬಳಸುತ್ತಿದ್ದರು, ಅವರಿಗೆ ತೊಂದರೆಯಾಗಬಾರದೆಂದು ಹಾಗೇ ಬಿಟ್ಟರು. ಆ ಹನ್ನೆರಡು ಜನರ ದಾಕ್ಷಿಣ್ಯಕ್ಕೆ ನನ್ನ ಸಂಜೆ ಹೋಯಿತು.

ಮೇಕ್‌ಫೈಲ್ ಸರಿಮಾಡಿ, ಉಳಿದಿದ್ದೆಲ್ಲ ಕಮಿಟ್ ಮಾಡಿದೆ, ಅಂದರೆ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಸೇರಿಸಿದೆ. ಬದಲಾದ ಸಾವಿರಾರು ಸಾಲು ನೋಡಿದ ರಿವ್ಯೂದಾರ ತೆರೆಯದೆಯೇ ಒಪ್ಪಿಗೆ ಕೊಟ್ಟ. ಸೋಮವಾರದಿಂದ, ಯಾವ ಸಾಲನ್ನು ಕೊನೆಗೆ ಮುಟ್ಟಿದ್ದು ಯಾರು ಅಂತ ತೋರಿಸುವ ಗಿಟ್ ಬ್ಲೇಮಿನಲ್ಲಿ ಎಲ್ಲಿ ನೋಡಿದರೂ ನನ್ನದೇ ಹೆಸರು. ನಾನು ಸೇರುವ ಮೊದಲೇ ಬರೆದ ಕೋಡಿನಲ್ಲಿ ಬಗ್ ಸಿಕ್ಕರೂ ನನ್ನ ಹತ್ತಿರವೇ ಬರುತ್ತಾರೆ. ‘ಬ್ಲೇಮಿಗೆ ಮೈನಸ್ ಡಬ್ಲ್ಯೂ ಹಾಕಿ, ಸ್ಪೇಸ್ ಬದಲಾವಣೆ ಬಿಟ್ಟು ತೋರಿಸುತ್ತೆ’ ಅಂತ ಹೇಳಿ ಹೇಳಿ ಸಾಕಾಗಿತ್ತು.

ಮೊನ್ನೆ ಒಬ್ಬರು ಬಂದು, ‘ಈ ಫಂಕ್ಷನ್ ಎಷ್ಟು ಚೆನ್ನಾಗಿ ಬರೆದಿದ್ದೀರಿ!’ ಅಂದರು. ಮೈನಸ್ ಡಬ್ಲ್ಯೂ ವಿಷಯ ಅವರಿಗೆ ಹೇಳಲಿಲ್ಲ.